ಶವರ್ ಗಾಜಿನ ಬಾಗಿಲಿನ ಸೀಲ್ ಗಟ್ಟಿಯಾಗಿ ಹರಿದಿದೆ, ಹೊಸದು ಯಾವುದು ಹಾಕಲಿ?

ಹನಿಹನಿ:
ಶವರ್ ಗಾಜಿನ ಬಾಗಿಲಿನ ಕೆಳಗಿರುವ ಪ್ಲಾಸ್ಟಿಕ್ ಪಟ್ಟಿ ಹಳದಿಯಾಗಿ ಗಟ್ಟಿಯಾಗಿದೆ. ಒಂದು ತುದಿಯಲ್ಲಿ ಅದರ ತುಟಿಯೇ ಹರಿದುಹೋಗಿದೆ. ಸ್ನಾನ ಮಾಡಿದಾಗಲೆಲ್ಲ ಹೊರಗೆ ನೀರು. ಹೊಸದು ತರಿಸೋಣ ಅಂತ ಹುಡುಕಿದರೆ ನೂರೆಂಟು ಆಕಾರ ಬರುತ್ತವೆ, ಎಚ್ ಅಂತೆ, ಎಫ್ ಅಂತೆ, ಗುಳ್ಳೆ ಅಂತೆ, ಮ್ಯಾಗ್ನೆಟ್ ಅಂತೆ, ಚಿತ್ರದಲ್ಲಿ ಎಲ್ಲವೂ ನಮ್ಮದೇ ಥರ ಕಾಣುತ್ತವೆ. ಬಾಗಿಲಿನ ಮೇಲೆ ಕಂಪನಿ ಹೆಸರೂ ಇಲ್ಲ. ಏನನ್ನು ನೋಡಿ ಆರಿಸಬೇಕು? ಇದಕ್ಕೆ ಅಂಟು ಬೇಕಾ ಅಥವಾ ಸುಮ್ನೆ ಒತ್ತಿದರೆ ಕೂರುತ್ತದಾ?

ಗಾಜಿನಕೆಲಸ:
ಚಿತ್ರ ನೋಡಿ ತರಿಸಬೇಡಿ, ಅಲ್ಲೇ ಎಲ್ಲರೂ ಎಡವುವುದು. ಮೂರು ವಿಷಯ ಗೊತ್ತಾದರೆ ಆ ನೂರೆಂಟರಲ್ಲಿ ಎರಡೋ ಮೂರೋ ಉಳಿಯುತ್ತವೆ. ಗಾಜಿನ ದಪ್ಪ, ಮುಚ್ಚಿದ ಬಾಗಿಲಿನ ಸಂದು, ಬಾಗಿಲು ಯಾವ ಕಡೆ ಓಡಾಡುತ್ತದೆ ಅನ್ನೋದು.

ದಪ್ಪ ಮೊದಲು. ಶವರ್ ಬಾಗಿಲುಗಳಲ್ಲಿ 6, 8, 10, 12 ಮಿಮೀ ಗಾಜು ಸಾಮಾನ್ಯ. ಸುತ್ತ ಫ್ರೇಮ್ ಇರುವ ಹಳೆಯ ಬಾಗಿಲುಗಳಲ್ಲಿ 4, 5 ಕೂಡ ಇರುತ್ತದೆ. ಅಂಗುಲದ ಲೆಕ್ಕದಲ್ಲಿ ಮಾರುವವರಿದ್ದರೆ ಕಾಲು ಅಂಗುಲ ಅಂದರೆ ಸುಮಾರು 6, ಅರ್ಧ ಅಂಗುಲ ಅಂದರೆ ಸುಮಾರು 12. ಪಟ್ಟಿ ಗಾಜನ್ನು ಹಿಡಿದಿರುವುದು ಬರೀ ತನ್ನ ಬಿಗಿತದಿಂದ. 8ರ ಗಾಜಿಗೆ 10ರ ಪಟ್ಟಿ ಹಾಕಿದರೆ ಮೊದಲ ದಿನ ಚೆನ್ನಾಗೇ ಕಾಣುತ್ತದೆ, ಆಮೇಲೆ ಬಾಗಿಲು ತೆಗೆದು ಹಾಕುವಾಗ ಮೆಲ್ಲಗೆ ಜಾರಿ ಕೆಳಗೆ ಬರುತ್ತದೆ. 6ರ ಪಟ್ಟಿಯನ್ನು 8ಕ್ಕೆ ತುರುಕಿದರೆ ಬಾಯಿ ಅಗಲಿಸಿಕೊಂಡು ಕೂರುತ್ತದೆ, ಸ್ವಲ್ಪ ದಿನಕ್ಕೆ ಸೀಳುತ್ತದೆ.

ಅಳೆಯುವುದಕ್ಕೆ ವರ್ನಿಯರ್ ಕ್ಯಾಲಿಪರ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಬಾಗಿಲು ತೆರೆದು ಅಂಚಿಗೆ ಸ್ಕೇಲ್ ಅಡ್ಡ ಹಿಡಿದು ನೇರವಾಗಿ ಎದುರಿನಿಂದ ನೋಡಿ. ಬದಿಯಿಂದ ನೋಡಿದರೆ ಗಾಜು ಬೆಳಕನ್ನು ಬಾಗಿಸುತ್ತದೆ, ದಪ್ಪ ತಪ್ಪಾಗಿ ಕಾಣುತ್ತದೆ. ಗಾಜಿನ ಒಂದು ಮೂಲೆಯಲ್ಲಿ ಟಫನ್ಡ್ ಅಂತ ಸಣ್ಣ ಗುರುತು ಇರುತ್ತದಲ್ಲ, ಕೆಲವು ಸಲ ಅಲ್ಲೇ ದಪ್ಪವನ್ನೂ ಬರೆದಿರುತ್ತಾರೆ.

ಮುಖ್ಯ ಮಾತು: ಹಳೆ ಪಟ್ಟಿಯ ಬಾಯಿ ಅಳೆದು ಅದನ್ನೇ ಗಾಜಿನ ದಪ್ಪ ಅಂದುಕೊಳ್ಳಬೇಡಿ. ಅದು ವರ್ಷಗಟ್ಟಲೆ ಹಿಗ್ಗಿರುತ್ತದೆ.

ಅಳತೆಪಟ್ಟಿ:
ಮೇಲಿನವರು ಹೇಳಿದ್ದಕ್ಕೆ ಸೇರಿಸುತ್ತೇನೆ. ಸಂದು ಅಳೆಯುವಾಗ ಹಳೆ ಪಟ್ಟಿ ತೆಗೆದು, ಬಾಗಿಲು ಮುಚ್ಚಿ, ಗಾಜಿನ ಬರಿ ಅಂಚಿನಿಂದ ಕೆಳಗಿನ ಕಟ್ಟೆವರೆಗೆ ಅಳೆಯಿರಿ. ಒಂದೇ ಕಡೆ ಅಲ್ಲ. ಹಿಂಜ್ ಹತ್ತಿರ, ನಡುವೆ, ಹಿಡಿಕೆ ಹತ್ತಿರ, ಮೂರೂ ಕಡೆ. ಪಟ್ಟಿಯ ತುಟಿ ಅತಿ ದೊಡ್ಡ ಸಂದಿಗಿಂತ ಒಂದೆರಡು ಮಿಮೀ ಉದ್ದ ಇರಬೇಕು, ಆಗ ಅದು ಕಾರಿನ ವೈಪರ್ ಥರ ಸ್ವಲ್ಪ ಬಾಗಿ ನೆಲಕ್ಕೆ ತಾಗುತ್ತದೆ. ತೀರಾ ಉದ್ದ ತಂದರೆ ಬಾಗಿಲು ತೆರೆಯುವಾಗ ಮಡಚಿಕೊಂಡು ಕಿರ್ ಅನ್ನುತ್ತದೆ, ಹರಿಯುವುದೂ ಬೇಗ. ಉದ್ದ ಇದ್ದರೆ ಕತ್ತರಿಯಲ್ಲಿ ತುಟಿಯನ್ನು ಸವರಬಹುದು, ಗಿಡ್ಡ ಇದ್ದರೆ ಏನೂ ಮಾಡಕ್ಕಾಗಲ್ಲ. ಅನುಮಾನ ಬಂದರೆ ಉದ್ದದ್ದೇ ತನ್ನಿ.

ಸ್ಕ್ರೂಡ್ರೈವರ್:
ಅಳತೆ ತೆಗೆದುಕೊಳ್ಳುವ ಮೊದಲು ನೀರು ನಿಜವಾಗಿ ಎಲ್ಲಿಂದ ಬರ್ತಿದೆ ಅಂತ ನೋಡಿದ್ದೀರಾ? ಹರಿದ ಪಟ್ಟಿ ಕಣ್ಣಿಗೆ ಬೀಳುತ್ತದೆ, ಹಾಗಾಗಿ ಬೈಗುಳ ಎಲ್ಲ ಅದಕ್ಕೇ. ಹೊರಗಿನ ನೆಲ ಪೂರ್ತಿ ಒರೆಸಿ, ಕಟ್ಟೆಯ ಉದ್ದಕ್ಕೂ ಟಿಶ್ಯೂ ಪೇಪರ್ ಹಾಸಿ. ಬಾಗಿಲು ಮುಚ್ಚಿ, ಮಗ್‌ನಿಂದ ಬಾಗಿಲಿನ ಒಳಬುಡಕ್ಕೆ ಮಾತ್ರ ನೀರು ಸುರಿಯಿರಿ. ಪೇಪರ್ ಎಲ್ಲಿ ಒದ್ದೆಯಾಯಿತು ನೋಡಿ. ಆಮೇಲೆ ಹಿಂಜ್ ಬದಿಗೆ, ಆಮೇಲೆ ಹಿಡಿಕೆ ಬದಿಗೆ, ಕೊನೆಗೆ ಬಾಗಿಲ ಪಕ್ಕದ ಅಲುಗಾಡದ ಗಾಜಿನ ಬುಡಕ್ಕೆ. ಒಟ್ಟಿಗೆ ಎಲ್ಲ ಕಡೆ ಸುರಿದರೆ ಏನೂ ತಿಳಿಯಲ್ಲ.

ಇನ್ನೊಂದು. ಕಟ್ಟೆ ಒಳಗಡೆಗೆ ಇಳಿಜಾರು ಇರಬೇಕು. ಕಟ್ಟೆ ಮೇಲೆ ಸ್ವಲ್ಪ ನೀರು ಹಾಕಿ, ಹೊರಗೆ ಹರಿದರೆ ನೀವು ಯಾವ ಸೀಲ್ ತಂದರೂ ಪೂರ್ತಿ ನಿಲ್ಲಲ್ಲ. ಶವರ್ ಮುಖ ನೇರ ಬಾಗಿಲಿಗೆ ತಿರುಗಿದ್ದರೂ ಅಷ್ಟೇ. ಫ್ರೇಮ್ ಇಲ್ಲದ ಬಾಗಿಲಿನ ಸೀಲ್ ಇರುವುದು ಚಿಮ್ಮುವ ಹನಿ, ಗಾಜಿನಲ್ಲಿ ಇಳಿಯುವ ನೀರು ತಡೆಯುವುದಕ್ಕೆ. ರಭಸದ ನೀರು ನೇರ ಬಡಿದರೆ ಯಾವುದೂ ತಡೆಯಲ್ಲ.

ಹನಿಹನಿ:
ಟಿಶ್ಯೂ ಹಾಸಿ ನೋಡಿದೆ. ಬುಡದಿಂದಲೇ ಬರುತ್ತಿದೆ, ಹಿಂಜ್ ಕಡೆ ಜಾಸ್ತಿ. ಪಕ್ಕದ ಗಾಜು ಒಣಗಿಯೇ ಇತ್ತು. ಕಟ್ಟೆ ಒಳಗಡೆಗೇ ಇಳಿದಿದೆ. ಗಾಜು 8 ಮಿಮೀ. ಸಂದು ಹಿಂಜ್ ಹತ್ತಿರ 12, ಹಿಡಿಕೆ ಹತ್ತಿರ 7. ಇಷ್ಟು ವ್ಯತ್ಯಾಸ ಇರುತ್ತದಾ? ಬಾಗಿಲು ಹೊರಗೆ ಮಾತ್ರ ತೆರೆಯುತ್ತದೆ.

ಗಾಜಿನಕೆಲಸ:
ಇರಬಾರದು. ಹಿಡಿಕೆ ಬದಿಯ ಸಂದು ಚಿಕ್ಕದಾಗಿದೆ ಅಂದರೆ ಬಾಗಿಲು ಆ ಕಡೆಗೆ ಜಗ್ಗಿದೆ. ಅಥವಾ ಕಟ್ಟೆಯೇ ಓರೆ ಇರಬಹುದು. ಕಟ್ಟೆ ಮೇಲೆ ಉದ್ದುದ್ದ ರಸಮಟ್ಟ ಇಟ್ಟು ನೋಡಿ. ಕಟ್ಟೆ ಮಟ್ಟವಾಗಿದ್ದರೆ ತಪ್ಪು ಬಾಗಿಲಿನದು, ಹೊಸ ಪಟ್ಟಿ ತರುವ ಮೊದಲು ಹಿಂಜ್ ಸರಿ ಮಾಡಿಸಿ. ಈ ಓರೆ ಸಂದಿಗೆ ಪಟ್ಟಿ ಹಾಕಿದರೆ ಒಂದು ಕಡೆ ತಾಗಲ್ಲ, ಇನ್ನೊಂದು ಕಡೆ ಉಜ್ಜಿ ಉಜ್ಜಿ ಹರಿಯುತ್ತದೆ. ನಿಮ್ಮ ಹಳೆ ಪಟ್ಟಿಯ ತುಟಿ ಹರಿದಿರುವುದು ಹಿಡಿಕೆ ಕಡೆ ತುದಿಯಲ್ಲೇ ತಾನೆ?

ಗಾಜಿನ ಭಾರ ಎಷ್ಟು ಅಂತ ಜನಕ್ಕೆ ಅಂದಾಜಿರಲ್ಲ. ಒಂದು ಚದರ ಮೀಟರ್ ಗಾಜು ಪ್ರತಿ ಮಿಲಿಮೀಟರ್ ದಪ್ಪಕ್ಕೆ 2.5 ಕೆಜಿ. 8 ಮಿಮೀ ಅಂದರೆ ಚದರ ಮೀಟರಿಗೆ 20 ಕೆಜಿ. 70 ಸೆಂಮೀ ಅಗಲ, 190 ಸೆಂಮೀ ಎತ್ತರದ ಬಾಗಿಲು 26 ಕೆಜಿ ದಾಟುತ್ತದೆ. ಅಷ್ಟನ್ನೂ ಎರಡು ಹಿಂಜ್ ಹಿಡಿದಿರುತ್ತವೆ. ಅದೂ ಲೋಹದ ಎರಡು ಪ್ಲೇಟ್, ನಡುವೆ ಗ್ಯಾಸ್ಕೆಟ್, ಗಾಜು ಅಲ್ಲಿ ಬಿಗಿತದಲ್ಲೇ ನಿಂತಿರುತ್ತದೆ. ಸ್ಕ್ರೂ ಸಡಿಲವಾದರೆ ಗಾಜು ಒಂದೆರಡು ಮಿಮೀ ಜಾರುತ್ತದೆ, ಆ ಕಡೆ ತುದಿಯಲ್ಲಿ ಅದು ಐದಾರು ಮಿಮೀ ಆಗಿ ಕಾಣುತ್ತದೆ.

ಇದನ್ನು ಒಬ್ಬರೇ ಮಾಡಬೇಡಿ. ಬಾಗಿಲ ಕೆಳಗೆ ಮರದ ಚಕ್ಕೆ ಕೊಟ್ಟು ಆನಿಸಿ, ಒಬ್ಬರು ಗಾಜು ಹಿಡಿದಿರಬೇಕು, ಇನ್ನೊಬ್ಬರು ಸ್ಕ್ರೂ. ಟಫನ್ಡ್ ಗಾಜಿನ ಮುಖಕ್ಕೆ ಗುದ್ದಿದರೂ ತಡೆಯುತ್ತದೆ, ಅಂಚಿಗೆ ಅಥವಾ ಮೂಲೆಗೆ ಟೈಲ್ಸ್ ತಾಗಿದರೆ ಮುಗೀತು, ಪೂರ್ತಿ ಚೂರು. ಧೈರ್ಯ ಇಲ್ಲದಿದ್ದರೆ ಕೆಲಸದವರನ್ನೇ ಕರೆಸಿ, ಇದರಲ್ಲಿ ನಾಚಿಕೆ ಏನಿಲ್ಲ.

ಹನಿಹನಿ:
ಹೌದು, ಹಿಡಿಕೆ ಕಡೆಯೇ ಹರಿದಿದೆ! ರಸಮಟ್ಟ ಇಟ್ಟೆ, ಕಟ್ಟೆ ಸರಿಯಾಗೇ ಇದೆ. ಹಿಂಜ್ ಸರಿ ಮಾಡಿಸುತ್ತೇನೆ. ಆಮೇಲೆ ಯಾವ ಆಕಾರ ಅನ್ನೋದು ಇನ್ನೂ ಉಳಿದಿದೆ.

ಅಳತೆಪಟ್ಟಿ:
ಆಕಾರದ ಹೆಸರು ಮಾರುವವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಎಲ್ಲಿ ಕೂರುತ್ತದೆ, ಏನು ಮಾಡುತ್ತದೆ ಅಂತ ನೋಡಿದರೆ ಗೊಂದಲ ಇರಲ್ಲ.

ಬಾಗಿಲಿನ ಬುಡಕ್ಕೆ ಹಾಕುವುದರಲ್ಲಿ ಎರಡು ಭಾಗ ಇರಬೇಕು. ನೇರ ಕೆಳಗೆ ಇಳಿಯುವ ಮೆತ್ತನೆ ತುಟಿ ಒಂದು. ಒಳಗಡೆಗೆ ಓರೆಯಾಗಿ ಚಾಚಿದ ರೆಕ್ಕೆ ಇನ್ನೊಂದು. ಗಾಜಿನ ಒಳಮುಖದಿಂದ ಇಳಿದ ನೀರನ್ನು ಈ ರೆಕ್ಕೆ ಕಟ್ಟೆಯಿಂದ ದೂರ ಒಳಗೆ ಚೆಲ್ಲುತ್ತದೆ. ಬರೀ ತುಟಿ ಇರುವುದು ಅಗ್ಗ, ಆದರೆ ನಿಮ್ಮ ಬಾಗಿಲು ಹೊರಗೆ ತೆರೆಯುತ್ತದೆ ಅಂದಿರಿ, ತೆರೆದ ಕೂಡಲೇ ಹನಿ ಹೊರಗೆ ಬೀಳುತ್ತದೆ. ರೆಕ್ಕೆ ಇರುವುದನ್ನೇ ತನ್ನಿ. ಹಾಕುವಾಗ ರೆಕ್ಕೆ ಒಳಗಡೆಗೆ. ಉಲ್ಟಾ ಹಾಕಿ ನೀರು ನಿಲ್ಲಲ್ಲ ಅಂತ ಗೋಳಾಡುವವರು ಕಡಿಮೆ ಇಲ್ಲ.

ಹಿಂಜ್ ಬದಿಯ ಉದ್ದದ ಸಂದಿಗೆ ತೆಳು ರೆಕ್ಕೆಯ ಪಟ್ಟಿ, ಅಥವಾ ಟೊಳ್ಳು ಗುಳ್ಳೆ ಇರುವುದು. ಗುಳ್ಳೆ ಒತ್ತಿಕೊಂಡು ಸಂದು ತುಂಬುತ್ತದೆ, ಆದರೆ ಸಂದು ಅದಕ್ಕಿಂತ ತುಸು ಚಿಕ್ಕದಿರಬೇಕು. ಬಾಗಿಲು ಎರಡೂ ಕಡೆ ತೂಗಾಡುವುದಾದರೆ ತಡೆ ಇರುವ ಪಟ್ಟಿ ಹಾಕುವ ಹಾಗಿಲ್ಲ, ಒಂದು ಕಡೆ ಓಡಾಟವೇ ನಿಂತುಹೋಗುತ್ತದೆ. ಹಿಡಿಕೆ ಬದಿಗೆ ಗೋಡೆ ಬರುತ್ತದಾ, ಇನ್ನೊಂದು ಗಾಜು ಬರುತ್ತದಾ ನೋಡಿ. ಗೋಡೆಯಾದರೆ ಗುಳ್ಳೆ ಅಥವಾ ರೆಕ್ಕೆ ಸಾಕು. ಗಾಜಾದರೆ ಎಚ್ ಆಕಾರದ್ದು, ಒಂದು ಬಾಯಿ ಗಾಜು ಹಿಡಿಯುತ್ತದೆ, ಇನ್ನೊಂದು ಕಡೆ ಬಾಗಿಲು ಬಂದು ಆನುತ್ತದೆ. ಇಲ್ಲವೇ ಮ್ಯಾಗ್ನೆಟ್ ಜೋಡಿ.

ಅಲ್ಯೂಮಿನಿಯಂ ಫ್ರೇಮ್ ಇರುವ ಬಾಗಿಲಿಗೆ ಇದ್ಯಾವುದೂ ಅಲ್ಲ. ಅಲ್ಲಿ ಫ್ರೇಮಿನ ಉದ್ದದ ಕೊರಕಲಿನಲ್ಲಿ ತೂರಿಸುವ ರಬ್ಬರ್ ಇರುತ್ತದೆ. ಹಳೆಯದರ ಒಂದು ತುಂಡು ಕತ್ತರಿಸಿ, ಅಡ್ಡಕೊಯ್ತ ಕಾಣುವಂತೆ ಸ್ಕೇಲ್ ಪಕ್ಕ ಇಟ್ಟು ಫೋಟೋ ತೆಗೆದು ಹೋಲಿಸುವುದೇ ದಾರಿ.

ಅಂಟುಪುರಾಣ:
ಇಷ್ಟೆಲ್ಲ ಯಾಕೆ? ಪಟ್ಟಿ ಬಾಯಿಗೆ ಉದ್ದಕ್ಕೂ ಸಿಲಿಕೋನ್ ಹಾಕಿ ಕೂರಿಸಿ. ದಪ್ಪ ಸ್ವಲ್ಪ ಹೆಚ್ಚುಕಮ್ಮಿ ಇದ್ದರೂ ಅಲುಗಾಡಲ್ಲ. ನಮ್ಮಲ್ಲಿ ಹಾಗೇ ಇದೆ, ಗಟ್ಟಿಯಾಗಿದೆ.

ಗಾಜಿನಕೆಲಸ:
ಗಟ್ಟಿಯಾಗೇ ಇರುತ್ತದೆ, ತೆಗೆಯುವ ದಿನ ಬರುವ ತನಕ. ಈ ಪಟ್ಟಿ ಸವೆದು ಹೋಗುವ ಸಾಮಾನು, ಮತ್ತೆ ಬದಲಿಸಲೇಬೇಕು. ಪಿವಿಸಿಯನ್ನು ಮೆತ್ತಗಿಡುವುದಕ್ಕೆ ಬೆರೆಸಿದ ಪ್ಲಾಸ್ಟಿಸೈಸರ್ ನಿಧಾನಕ್ಕೆ ಹೊರಗೆ ಹೋಗುತ್ತದೆ, ಬಿಸಿನೀರು, ಸೋಪು, ಬಿಸಿಲು ಎಲ್ಲ ಸೇರಿ ಅದನ್ನು ಗಟ್ಟಿ ಮಾಡಿ ಹಳದಿ ಬರಿಸುತ್ತವೆ. ಆಗ ಸಿಲಿಕೋನನ್ನು ಗಾಜಿನ ಅಂಚಿನಿಂದ ಬ್ಲೇಡ್ ಹಾಕಿ ಕೆರೆಯುವುದು ಅಂದರೆ ಒಂದು ಮಧ್ಯಾಹ್ನ ಹೋಯಿತು. ಸಿಲಿಕೋನ್ ಪದರ ಎಲ್ಲಾದರೂ ಬಿಟ್ಟಿದ್ದರೆ ಆ ಜಾಗದಲ್ಲಿ ನೀರು ನಿಂತು ಒಳಗೇ ಕಪ್ಪು ಬೂಸ್ಟು ಹಿಡಿಯುತ್ತದೆ, ಹೊರಗಿನಿಂದ ತೊಳೆಯಲೂ ಆಗಲ್ಲ.

ಸ್ಕ್ರೂಡ್ರೈವರ್:
ಅಂಟುಪುರಾಣ ಅವರ ಮಾತಿನಲ್ಲಿ ಸ್ವಲ್ಪ ನಿಜ ಇದೆ. ದಪ್ಪ ಸರಿ ಇದ್ದೂ ಪಟ್ಟಿ ಜಾರುತ್ತದೆ ಅಂದರೆ ಎರಡು ತುದಿಯಲ್ಲಿ ಬಟಾಣಿ ಕಾಳಿನಷ್ಟು ಸಿಲಿಕೋನ್ ಸಾಕು. ಅಥವಾ ಗಾಜಿನ ಅಂಚಿಗೆ ಪಾರದರ್ಶಕ ಟೇಪ್ ಒಂದು ಸುತ್ತು ಹಾಕಿ ಅದರ ಮೇಲೆ ಪಟ್ಟಿ ಒತ್ತಿ, ಬಿಗಿಯಾಗುತ್ತದೆ. ಉದ್ದಕ್ಕೂ ಹಾಕುವ ಸಿಲಿಕೋನ್ ಅಲುಗಾಡದ ಗಾಜಿಗೆ, ಗೋಡೆಯ ಚಾನೆಲ್ಲಿಗೆ. ಹಾಕಿದ ಮೇಲೆ ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು, ಸಾಮಾನ್ಯವಾಗಿ 24 ಗಂಟೆ, ನೀರು ತಾಗಿಸಬೇಡಿ.

ಫ್ರೇಮ್ ಇರುವ ಶವರ್ ಆದರೆ ಒಂದು ಎಚ್ಚರಿಕೆ. ಸಿಲಿಕೋನ್ ಹೊರಗಡೆ ಮಾತ್ರ ಎಳೆಯಿರಿ. ಒಳಗಡೆಯೂ ಎಳೆದರೆ ಫ್ರೇಮ್ ಒಳಗೆ ಹೊಕ್ಕ ನೀರಿಗೆ ವಾಪಸ್ ಶವರ್ ಕಡೆ ಹರಿಯುವ ದಾರಿ ಇರಲ್ಲ, ಅದು ಹೊರಗೇ ಬರುತ್ತದೆ. ಕೆಳಗಿನ ಫ್ರೇಮಿನಲ್ಲಿ ಸಣ್ಣ ತೂತುಗಳಿದ್ದರೆ ಅದಕ್ಕೇ ಬಿಟ್ಟಿರುವುದು. ಮುಚ್ಚಬೇಡಿ.

ಹನಿಹನಿ:
ಹಿಂಜ್ ಸರಿಯಾಯಿತು, ಈಗ ಸಂದು ಎಲ್ಲ ಕಡೆ ಸುಮಾರು 10. ಪಟ್ಟಿಯೂ ಬಂದಿದೆ, ಸುರುಳಿ ಸುತ್ತಿ ಕಳಿಸಿದ್ದಾರೆ, ಹಾಗಾಗಿ ಬಿಲ್ಲಿನ ಹಾಗೆ ಬಾಗಿದೆ. ಹಳೆಯದು ಕೈಯಲ್ಲಿ ಎಳೆದರೆ ಅಲ್ಲಾಡುತ್ತಿಲ್ಲ. ಚಾಕು ಹಾಕಲಾ?

ಗಾಜಿನಕೆಲಸ:
ಚಾಕು ಬೇಡ. ಹೇರ್ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ, ಒಂದು ತುದಿ ಹಿಡಿದು ಕೆಳಗೆ ಎಳೆಯಿರಿ, ಮೆತ್ತಗಾದಷ್ಟು ದೂರ ಬರುತ್ತದೆ, ಹಾಗೇ ಮುಂದೆ ಹೋಗಿ. ತುಂಡಾದರೂ ಪರವಾಗಿಲ್ಲ. ಹೀಟ್ ಗನ್ ಬಳಸಬೇಡಿ, ಗಾಜಿನ ಒಂದೇ ಜಾಗಕ್ಕೆ ಅಷ್ಟು ಬಿಸಿ ಒಳ್ಳೆಯದಲ್ಲ. ಡ್ರೈಯರ್ ಹಿಡಿಯುವಾಗ ನೆಲ ಒಣಗಿರಲಿ, ಕರೆಂಟ್ ಸಾಮಾನು ಅದು.

ಹೊಸ ಪಟ್ಟಿಯನ್ನು ಉಗುರುಬೆಚ್ಚನೆ ನೀರಿನಲ್ಲಿ ಸ್ವಲ್ಪ ಹೊತ್ತು ಬಿಡಿ, ತೆಗೆದು ನೆಲದ ಮೇಲೆ ಉದ್ದಕ್ಕೆ ಮಲಗಿಸಿ ರಾತ್ರಿಯಿಡೀ ಬಿಡಿ, ನೇರವಾಗುತ್ತದೆ. ಆ ಹೊತ್ತಿಗೆ ಗಾಜಿನ ಅಂಚು ಸ್ವಚ್ಛ ಮಾಡಿ. ಬಿಳಿ ಸುಣ್ಣದ ಪದರಕ್ಕೆ ನೀರು ಬೆರೆಸಿದ ವಿನೆಗರ್, ಕಟ್ಟೆ ಮಾರ್ಬಲ್ ಆಗಿದ್ದರೆ ಅದಕ್ಕೆ ತಾಗದ ಹಾಗೆ, ಯಾಕಂದ್ರೆ ವಿನೆಗರ್ ಮಾರ್ಬಲನ್ನು ತಿನ್ನುತ್ತದೆ. ಕೊನೆಗೆ ಸ್ಪಿರಿಟ್ ಹಾಕಿ ಒರೆಸಿ ಒಣಗಿಸಿ. ಅಂಚಿನಲ್ಲಿ ಸೋಪಿನ ಜಿಡ್ಡು ಉಳಿದರೆ ಸರಿಯಾದ ಅಳತೆಯ ಪಟ್ಟಿಯೂ ಜಾರುತ್ತದೆ.

ಕತ್ತರಿಸುವ ಉದ್ದವನ್ನು ಗಾಜಿನಿಂದಲೇ ತೆಗೆದುಕೊಳ್ಳಿ, ಹಳೆ ಪಟ್ಟಿಯಿಂದ ಬೇಡ, ಅದು ಕುಗ್ಗಿರಬಹುದು. ಒಂದೆರಡು ಮಿಮೀ ಜಾಸ್ತಿ ಬಿಟ್ಟು ಕತ್ತರಿಸಿ, ಕೂರಿಸಿ ನೋಡಿ, ಆಮೇಲೆ ಸವರಿ. ಗಟ್ಟಿ ಪಾಲಿಕಾರ್ಬೊನೇಟ್ ಬೆನ್ನಿರುವ ಪಟ್ಟಿಗೆ ಸಣ್ಣ ಹಲ್ಲಿನ ಹ್ಯಾಕ್ಸಾ ಬೇಕು, ಕತ್ತರಿ ಹಾಕಿದರೆ ಸೀಳು ಬಿಡುತ್ತದೆ. ಪೂರ್ತಿ ಮೆತ್ತಗಿನದಕ್ಕೆ ಒಳ್ಳೆ ಕತ್ತರಿ ಸಾಕು.

ಕೂರಿಸುವಾಗ ಬಾಗಿಲು ತೆರೆದಿಡಿ. ಹಿಂಜ್ ಕಡೆಯಿಂದ ಶುರು ಮಾಡಿ ಅಂಗೈಯಿಂದ ಮೇಲಕ್ಕೆ ಒತ್ತುತ್ತಾ ಬನ್ನಿ, ಅಂಚು ಬಾಯಿಯ ತಳಕ್ಕೆ ತಾಗಿತು ಅಂತ ಕೈಗೆ ಗೊತ್ತಾಗುತ್ತದೆ. ತುಂಬ ಬಿಗಿ ಇದ್ದರೆ ಬಾಯಿಗೆ ಒಂದು ಹನಿ ಸೋಪು ನೀರು, ಎಣ್ಣೆ ಬೇಡ. ಸುತ್ತಿಗೆ ಹತ್ತಿರಕ್ಕೂ ತರಬೇಡಿ.

ಅಳತೆಪಟ್ಟಿ:
ಮೂಲೆಯ ಬಗ್ಗೆ ಯಾರೂ ಹೇಳಲಿಲ್ಲ, ಹೊಸ ಪಟ್ಟಿ ಹಾಕಿದ ಮೇಲೂ ಹನಿ ಬರುವುದು ಅಲ್ಲಿಂದಲೇ. ಬುಡದ ಪಟ್ಟಿ ಮತ್ತು ಬದಿಯ ಉದ್ದದ ಪಟ್ಟಿ ಮೂಲೆಯಲ್ಲಿ ಒಂದನ್ನೊಂದು ತಳ್ಳುತ್ತವೆ. ಜನ ಒಂದನ್ನು ಪೂರ್ತಿ ಗಿಡ್ಡ ಮಾಡಿಬಿಡುತ್ತಾರೆ, ಬೆರಳು ತೂರುವಷ್ಟು ಕಿಂಡಿ ಉಳಿಯುತ್ತದೆ. ಬುಡದ ಪಟ್ಟಿಯನ್ನು ಗಾಜಿನ ಪೂರ್ತಿ ಅಗಲಕ್ಕೆ ಬಿಡಿ. ಬದಿಯದರಲ್ಲಿ ಗಾಜು ಹಿಡಿಯುವ ಗಟ್ಟಿ ಭಾಗವನ್ನು ಮಾತ್ರ ಮೂಲೆಯಿಂದ ಸ್ವಲ್ಪ ಮೇಲಕ್ಕೆ ಕತ್ತರಿಸಿ, ಮೆತ್ತನೆ ರೆಕ್ಕೆ ಕೆಳಗಿನವರೆಗೂ ಇಳಿಯಲಿ. ಬದಿಯಲ್ಲಿ ಇಳಿದ ನೀರು ಬುಡದ ಪಟ್ಟಿಯ ಒಳಗಡೆ ಬೀಳಬೇಕು, ಅಷ್ಟೇ ಲೆಕ್ಕ. ಹಿಂಜ್ ಬರುವ ಜಾಗದಲ್ಲಿ ಬದಿಯ ಪಟ್ಟಿಯನ್ನು ತುಂಡು ಮಾಡಿ ಮೇಲೆ ಕೆಳಗೆ ಬೇರೆ ಬೇರೆ ಕೂರಿಸುವುದು ವಾಡಿಕೆ, ಅಲ್ಲಿ ಹಿಂಜಿನಷ್ಟು ಜಾಗ ಖಾಲಿ ಉಳಿಯುತ್ತದೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ತಂತಿಬಲೆ:
ಮಧ್ಯೆ ನುಗ್ಗುತ್ತಿದ್ದೇನೆ, ಕ್ಷಮಿಸಿ. ನಮ್ಮದು ಮ್ಯಾಗ್ನೆಟ್ ಬಾಗಿಲು. ಒಂದು ಕಡೆಯ ಪಟ್ಟಿ ಮಾತ್ರ ಹಾಳಾಗಿತ್ತು, ಅದೊಂದನ್ನೇ ತರಿಸಿದೆ. ಈಗ ಬಾಗಿಲು ಮುಚ್ಚುವುದೇ ಇಲ್ಲ, ಹತ್ತಿರ ಬಂದರೆ ದೂರ ತಳ್ಳುತ್ತದೆ.

ಸ್ಕ್ರೂಡ್ರೈವರ್:
ಮ್ಯಾಗ್ನೆಟ್‌ಗಳ ಒಂದೇ ಥರದ ಧ್ರುವ ಎದುರುಬದುರಾಗಿದೆ, ಅಷ್ಟೇ. ಹೊಸದನ್ನು ವಾಪಸ್ ಕಳಿಸುವ ಮೊದಲು ನೋಡಿ, ಕೆಲವು ಪಟ್ಟಿಗಳಲ್ಲಿ ಮ್ಯಾಗ್ನೆಟ್ ಪ್ರತ್ಯೇಕ ತೆಳು ಪಟ್ಟಿಯಾಗಿ ಟೊಳ್ಳಿನೊಳಗೆ ಇರುತ್ತದೆ. ಒಂದು ತುದಿಯಿಂದ ಎಳೆದು ಹೊರತೆಗೆದು ಮಗುಚಿ ಮತ್ತೆ ತೂರಿಸಿದರೆ ಅಂಟಿಕೊಳ್ಳುತ್ತದೆ. ಒಳಗೇ ಅಂಟಿಸಿದ್ದರೆ, ಮತ್ತು ಪಟ್ಟಿಯ ಆಕಾರ ಎರಡೂ ಕಡೆ ಒಂದೇ ಥರ ಇದ್ದರೆ, ಇಡೀ ಪಟ್ಟಿಯನ್ನೇ ತಲೆಕೆಳಗು ಹಾಕಿ ನೋಡಿ. ಗಾಜು ಗಾಜಿಗೆ ನೇರ ಸೇರುವ 180 ಡಿಗ್ರಿ, ಮೂಲೆಯಲ್ಲಿ ಸೇರುವ 90, ಓರೆ ಸೇರುವ 135, ಇವಕ್ಕೆ ಬೇರೆ ಬೇರೆ ಪಟ್ಟಿ ಬರುತ್ತವೆ. 135ರದು ಓರೆ ಇರುವುದರಿಂದ ತಲೆಕೆಳಗು ಹಾಕಲಾಗದು. ಅದಕ್ಕೇ ಜೋಡಿಯಾಗಿ ತರಿಸಿ ಅನ್ನುವುದು. ಕತ್ತರಿಸುವಾಗ ಒಳಗಿನ ಮ್ಯಾಗ್ನೆಟ್ ಜಾರದ ಹಾಗೆ ತುದಿ ಒತ್ತಿ ಹಿಡಿದುಕೊಳ್ಳಿ.

ಪಾಚಿಗಣ್ಣು:
ನಮ್ಮ ಪಟ್ಟಿ ಹಾಳಾಗಿಲ್ಲ, ಬರೀ ಕಪ್ಪಾಗಿದೆ. ಬ್ಲೀಚ್ ಹಾಕಿ ಉಜ್ಜಬಹುದಾ? ಬಾಗಿಲು ಜಾರುವ ಥರದ್ದು.

ಗಾಜಿನಕೆಲಸ:
ಬ್ಲೀಚ್ ಬೇಡ. ಅಮೋನಿಯಾ ಇರುವ ಗಾಜು ಒರೆಸುವ ದ್ರವವೂ ಬೇಡ, ಪಾಲಿಕಾರ್ಬೊನೇಟ್ ಇದ್ದರೆ ಸಣ್ಣ ಬಿರುಕು ಬಿಡುತ್ತದೆ. ಬ್ಲೀಚನ್ನು ವಿನೆಗರ್ ಜೊತೆ ಅಥವಾ ಅಮೋನಿಯಾ ಜೊತೆ ಬೆರೆಸುವುದಂತೂ ಕನಸಲ್ಲೂ ಬೇಡ, ವಿಷದ ಗಾಳಿ ಬರುತ್ತದೆ. ಪಟ್ಟಿಯನ್ನು ಕಳಚಿ ಪಾತ್ರೆ ತೊಳೆಯುವ ಸೋಪಿನ ಬೆಚ್ಚಗಿನ ನೀರಿನಲ್ಲಿ ನೆನೆಸಿ, ಹಳೆ ಟೂತ್‌ಬ್ರಷ್‌ನಿಂದ ಬಾಯಿಯ ಒಳಗೆ ಉಜ್ಜಿ. ಆದರೂ ಕಪ್ಪು ಹೋಗದಿದ್ದರೆ ಬೂಸ್ಟು ಪ್ಲಾಸ್ಟಿಕ್ಕಿನೊಳಗೇ ಇಳಿದಿದೆ, ಬದಲಿಸಿ.

ಜಾರುವ ಬಾಗಿಲಿನಲ್ಲಿ ಕೆಳಗಿನ ಗೈಡಿನ ಸುತ್ತ ಕೊಳೆ ಕೂರುತ್ತದೆ, ಅದನ್ನೂ ನೋಡಿ. ಎರಡು ಗಾಜು ಒಂದರ ಮೇಲೊಂದು ಬರುವ ಜಾಗದ ರೆಕ್ಕೆ ಪಟ್ಟಿ ತೆಳುವಾದದ್ದೇ ಇರಬೇಕು. ಗುಳ್ಳೆ ಹಾಕಿದರೆ ಬಾಗಿಲು ಸಿಕ್ಕಿಕೊಳ್ಳುತ್ತದೆ.

ಪಾಚಿಗಣ್ಣು:
ಗಾಜು ಕಮಾನಿನ ಹಾಗೆ ಬಾಗಿದೆ, ಹೇಳುವುದೇ ಮರೆತೆ. ನೇರ ಪಟ್ಟಿಯನ್ನೇ ಬಗ್ಗಿಸಿ ಕೂರಿಸಬಹುದಾ?

ಅಳತೆಪಟ್ಟಿ:
ಬದಿಗೆ ನೇರ ಪಟ್ಟಿಯೇ, ಅಲ್ಲಿ ಅಂಚು ನೇರ ಇರುತ್ತದೆ. ಬುಡಕ್ಕೆ ಬಾಗಿದ ಗಾಜಿಗೆ ಅಂತಲೇ ಮಾರುವ ಮೆತ್ತನೆಯದು ತನ್ನಿ. ಗಟ್ಟಿ ಬೆನ್ನಿನ ನೇರ ಪಟ್ಟಿಯನ್ನು ಬಗ್ಗಿಸಿದರೆ ಎರಡು ತುದಿ ಎದ್ದುಬರುತ್ತವೆ, ನೀರು ಹೊರಗೆ ಬರುವುದು ಆ ತುದಿಗಳಿಂದಲೇ.